ಕೊಟ್ರಮ್ಮನ ಹೆಸರಿಗೊಂದು ಓಟ

ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಬಿರುಬೇಸಿಗೆ ಅಂತ ಊರವರೇ ನಗಾಡಿಕೊಳ್ಳುತ್ತಾರೆ. ಅಂಥ ಸೀಮೆಯ ಮೇಲೆ ಡಿಸೆಂಬರಿನಲ್ಲಿ ಸಮುದ್ರದ ಕಡೆಯ ಚಂಡಮಾರುತವೊಂದು ಚಳಿಮಳೆಯನ್ನು ತಂದು ಸುರಿದರೆ ಜನರ ಗತಿ ಏನಾಗಬೇಕು ಹೇಳಿ? ಸ್ವೆಟರ್ ಯಾವ ಟ್ರಂಕಿನಲ್ಲಿದೆ ಅನ್ನುವುದೇ ಯಾರಿಗೂ ನೆನಪಿರುವುದಿಲ್ಲ. ಆ ಭಾನುವಾರ ಬೆಳಗ್ಗೆ ಕುರುಗೋಡು ರಸ್ತೆಯ ಮೇಲೆ ಹಾಫ್ ಮ್ಯಾರಥಾನ್ ಓಡಲು ನಿಂತವರಲ್ಲಿ ಅರ್ಧ ಮಂದಿ ಮಂಕಿ ಕ್ಯಾಪಿನೊಳಗೆ ಮುಖ ಅಡಗಿಸಿಕೊಂಡಿದ್ದರು, ಉಳಿದರ್ಧ ಮಂದಿ ಹಲ್ಲು ಕಡಿಯುತ್ತ, ಹೆಸರು ಕೊಟ್ಟ ಗಳಿಗೆಯನ್ನೇ ಬೈದುಕೊಳ್ಳುತ್ತಿದ್ದರು.

ಅವರ ನಡುವೆ ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹೊದ್ದು, ನೂಲಿನ ಸೀರೆಗೆ ಕಚ್ಚೆ ಬಿಗಿದು, ಮಗನ ಹಳೇ ಸ್ವೆಟರು ಮತ್ತು ಹೊಸ ಬೂಟು ಹಾಕಿಕೊಂಡು ಒಬ್ಬಳು ಹೆಂಗಸು ನಿಂತಿದ್ದಳಲ್ಲ, ಅವಳೇ ಸಿರುಗುಪ್ಪದ ಹೊನ್ನೂರಮ್ಮ. ಐವತ್ತು ದಾಟಿದವಳು. ಎದೆಗೆ ಪಿನ್ನು ಹಾಕಿದ ನಂಬರನ್ನು ಮಳೆ ನೆನೆಸದಿರಲಿ ಅಂತ ಆಗಾಗ ಸೆರಗಿನಿಂದ ಒರೆಸಿಕೊಳ್ಳುತ್ತಿದ್ದಳು. ಉಳಿದವರು ಮೆಡಲಿಗೋ, ಸೆಲ್ಫಿಗೋ ಬಂದಿದ್ದರು. ಅವಳು ಮಾತ್ರ ತನ್ನ ಮೊಮ್ಮಗಳಿಗೆ ಹೆಸರಿಡುವ ಹಕ್ಕು ಗೆಲ್ಲಲು ಬಂದಿದ್ದಳು.

ಪಕ್ಕದಲ್ಲೇ ತಿಳಿನೀಲಿ ರೇನ್‌ಕೋಟು ತೊಟ್ಟು, ಕುತ್ತಿಗೆ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತಿರುಗಿಸುತ್ತ ನಿಂತಿದ್ದವಳು ಸುನಂದಾ, ಅವಳ ಬೀಗತಿ. ಬಳ್ಳಾರಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವ ಟೀಚರು. ಸಕ್ಕರೆ ಕಾಯಿಲೆ ಬಂದಾಗ ಡಾಕ್ಟರು ನಡೀರಿ ಅಂದರೆ ಈಕೆ ಓಡುವುದನ್ನೇ ಕಲಿತು, ಮನೆಯ ಷೋಕೇಸಿನಲ್ಲಿ ಮೆಡಲುಗಳನ್ನು ಸಾಲಾಗಿ ತೂಗುಹಾಕಿದ್ದಳು. ಅವಳ ಮಗಳು ರಶ್ಮಿಯನ್ನು ಹೊನ್ನೂರಮ್ಮನ ಮಗ ಮಾರೇಶನಿಗೆ ಕೊಟ್ಟಿತ್ತು.

ಪಂದ್ಯ ಹುಟ್ಟಿದ್ದು ರಶ್ಮಿಯ ಕುಬಸದ, ಅಂದರೆ ಸೀಮಂತದ ದಿನ, ಸಿರುಗುಪ್ಪದ ಮನೆಯಲ್ಲಿ, ಎಲ್ಲರೂ ಹೋಳಿಗೆ ಉಂಡು ಎಲೆಯಡಿಕೆ ಹಾಕಿಕೊಳ್ಳುವ ಹೊತ್ತಿನಲ್ಲಿ.

“ಹೆಣ್ಣು ಹುಟ್ಟಿದ್ರ ನಮ್ಮತ್ತಿ ಹೆಸರು. ಕೊಟ್ರಮ್ಮ,” ಅಂದಿದ್ದಳು ಹೊನ್ನೂರಮ್ಮ, ಸುಣ್ಣ ಸವರುತ್ತ.

ಸುನಂದಾ ನಕ್ಕುಬಿಟ್ಟಳು. “ಅಯ್ಯ ಅಕ್ಕಾರ, ಈಗಿನ ಕಾಲದಾಗ ಕೊಟ್ರಮ್ಮ ಅಂತ ಯಾರು ಇಡ್ತಾರ್ರಿ? ಸಾಲ್ಯಾಗ ಹುಡುಗ್ರು ಆಡ್ಕೋತಾರ. ನಾ ಆಗಲೇ ಆರಿಸಿ ಇಟ್ಟೀನಿ, ಇಶಾನ್ವಿ ಅಂತ.”

“ಅಷ್ಟುದ್ದ ಕರಿಯೋದ್ರಾಗ ಕೂಸು ಹೊಸ್ತಿಲ ದಾಟಿ ಬೀದಿಗೆ ಹೋಗಿರ್ತೈತಿ ಬಿಡ್ರಿ.”

ಬೀಗರ ಮಾತು ಗೊತ್ತಲ್ಲ, ಬೆಲ್ಲದ ಹಾಗೆ ಶುರುವಾಗಿ ಮೆಣಸಿನಕಾಯಿಗೆ ಮುಟ್ಟುತ್ತದೆ. ಹೆಸರಿನಿಂದ ಮಾತು ಮೆಡಲಿಗೆ ಹೋಯಿತು, ಮೆಡಲಿನಿಂದ ಓಟಕ್ಕೆ ಬಂತು. “ಓಡೋದೇನು ದೊಡ್ಡದ್ರಿ, ನಾವು ಹುಟ್ಟಿದಾಗಿಂದ ಓಡ್ಯಾಡೀವಿ,” ಅಂತ ಹೊನ್ನೂರಮ್ಮ ಅಂದಿದ್ದೇ ತಪ್ಪಾಯಿತು.

“ಹಂಗಾದ್ರ ಡಿಸೆಂಬರಿನಾಗ ಕುರುಗೋಡು ರಸ್ತಿಗೆ ಬರ್ರಿ. ಅಲ್ಲಿಂದ ಬಳ್ಳಾರಿ ಕೋಟಿ ತನಕ ಇಪ್ಪತ್ತೊಂದು ಕಿಲೋಮೀಟರು. ಮೂರೂವರೆ ತಾಸಿನಾಗ ಮುಟ್ರಿ ಸಾಕು, ನೀವು ಹೇಳಿದ್ದ ಹೆಸರು. ಮುಟ್ಟಲಿಲ್ಲಂದ್ರ ನಾ ಹೇಳಿದ್ದು.”

“ಆಮ್ಯಾಲ ಮಾತು ತಿರುಗಿಸಂಗಿಲ್ಲ.”

“ನೀವೂ ತಿರುಗಿಸಂಗಿಲ್ಲ.”

ಏಳು ತಿಂಗಳ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದ ರಶ್ಮಿ ಗಂಡನ ಕಡೆ ತಿರುಗಿ, “ಹಡಿಯಾಕಿ ನಾನು, ಪಂದ್ಯ ಇವರ್ದು. ನನ್ನ ಒಂದು ಮಾತು ಕೇಳಿದ್ರೇನು?” ಅಂದಳು. ಯಾರೂ ಕೇಳಿಸಿಕೊಳ್ಳಲಿಲ್ಲ.

ಅಲ್ಲ, ಅತ್ತೆಯ ಹೆಸರಿಗಾಗಿ ಇಷ್ಟೊಂದು ಹಟ ಹಿಡಿಯುವ ಸೊಸೆಯನ್ನು ಎಲ್ಲಾದರೂ ಕಂಡಿದ್ದೀರಾ? ಸತ್ತ ಅತ್ತೆಯ ಫೋಟೋ ಗೋಡೆಗೆ ಹಾಕಿದರೇ ದೊಡ್ಡದು ಅನ್ನುವ ಸೊಸೆಯರೇ ಹೆಚ್ಚು. ಆದರೆ ಕೊಟ್ರಮ್ಮ ಅಂಥಿಂಥ ಅತ್ತೆಯಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಹೊನ್ನೂರಮ್ಮ ಉಣ್ಣದೆ ತಾನು ಉಂಡವಳಲ್ಲ. ಅದಕ್ಕಿಂತ ಹೆಚ್ಚಾಗಿ, ಕೊಟ್ರಮ್ಮ ಓಡುತ್ತಿದ್ದಳು. ಸುಗ್ಗಿಯಲ್ಲಿ ರಸ್ತೆಯ ಅಂಚಿಗೆ ಉದ್ದಕ್ಕೂ ಭತ್ತ ಒಣಗಲು ಹಾಕಿರುತ್ತಾರಲ್ಲ, ಮುಗಿಲು ಕಪ್ಪಿಟ್ಟಿತೋ ಕೊಟ್ರಮ್ಮ ಕಚ್ಚೆ ಬಿಗಿದು ಓಡಿದಳೆಂದೇ ಲೆಕ್ಕ. ತನ್ನ ರಾಶಿ ಮುಚ್ಚಿ ಸುಮ್ಮನಾಗುವವಳಲ್ಲ, ಕಂಡವರ ರಾಶಿಗೂ ತಾಡಪತ್ರಿ ಎಳೆದು ಕಲ್ಲು ಹೇರಿಯೇ ಮನೆಗೆ ಬರುವವಳು. “ಕೊಟ್ರಮ್ಮ ಓಡ್ಯಾಳ, ಮಳಿ ಬರ್ತೈತಿ,” ಅಂತ ಓಣಿಯೇ ಎದ್ದು ನಿಲ್ಲುತ್ತಿತ್ತು. ಕಾಲುವೆ ನೀರಿನ ಜಗಳದಲ್ಲಿ ವರ್ಷಗಟ್ಟಲೆ ಮಾತು ಬಿಟ್ಟಿದ್ದ ಪಕ್ಕದ ಹೊಲದವಳ ರಾಶಿಯನ್ನೂ ಒಮ್ಮೆ ಹಾಗೆಯೇ ಮುಚ್ಚಿ, ಅವಳ ಮುಖ ಕೂಡ ನೋಡದೆ ಬಂದಿದ್ದಳು. ಎಳೆಯ ಸೊಸೆ ಯಾಕೆ ಅಂತ ಕೇಳಿದ್ದಕ್ಕೆ, “ಜಗಳ ಅಕೀ ಕೂಡ ಐತಿ. ಅನ್ನದ ಕೂಡ ಐತೇನು?” ಅಂದಿದ್ದಳು. ಆ ಮಾತು ಹೊನ್ನೂರಮ್ಮನ ಎದೆಯಲ್ಲಿ ಕೂತುಬಿಟ್ಟಿತ್ತು.

ಇದನ್ನೆಲ್ಲ ಅವಳು ಸುನಂದಾಳಿಗೆ ಹೇಳಿರಲಿಲ್ಲ. ಹೆಸರು ಗೆದ್ದು ಹೇಳೋಣ ಅಂದುಕೊಂಡಿದ್ದಳು. ಬೆಳಗಿನ ಜಾವ ಕಾಲುವೆಯ ದಂಡೆಯ ಮೇಲೆ ಓಡುವುದನ್ನು ರೂಢಿ ಮಾಡಿಕೊಂಡಳು. ಗಂಡ ಸುಂಕಪ್ಪ ಹಿಂದಿನಿಂದ ಮೊಪೆಡ್ ಮೇಲೆ ಬರುತ್ತಿದ್ದ. ದಂಡೆಯ ಮೇಲೆ ಕೂತವರು, “ಏನ್ ಸುಂಕಪ್ಪಣ್ಣ, ಹೆಂಡ್ತಿ ಓಡಿಹೊಂಟಾಳ? ಹಿಡಿಯೋ ಲಗೂನ!” ಅಂತ ಕೂಗುತ್ತಿದ್ದರು. “ಹಿಡಿದು ಮೂವತ್ತು ವರ್ಷಾತು ಮಾರಾಯಾ, ಈಗ ಓಡಿದ್ರ ಓಡ್ಲಿ,” ಅನ್ನುತ್ತಿದ್ದ ಅವನು. ಅಕ್ಟೋಬರಿನಲ್ಲಿ ಹೆಣ್ಣು ಮಗುವೇ ಹುಟ್ಟಿತು. ಅವತ್ತು ಆಸ್ಪತ್ರೆಯಿಂದ ಬಂದವಳೇ ಹೊನ್ನೂರಮ್ಮ ಸಂಜೆಯೂ ಓಡಿದಳು.

ಪೀಪಿ ಊದಿದರು, ಜನ ಹರಿದರು.

“ಬರ್ಲ್ಯಾ ಅಕ್ಕಾರ? ಕೋಟಿ ಹತ್ರ ಚಾ ಹಿಡ್ಕೊಂಡು ನಿಂತಿರ್ತೀನಿ,” ಅಂತ ಕೈಬೀಸಿದ ಸುನಂದಾ ತಿರುವಿನಲ್ಲಿ ಮರೆಯಾದಳು. ಹೊನ್ನೂರಮ್ಮನಿಗೆ ಅದರಿಂದ ಬೇಸರವೇನಿಲ್ಲ. ಅವಳು ಗೆಲ್ಲಬೇಕಾದದ್ದು ಸುನಂದಾಳನ್ನಲ್ಲ, ಮೂರೂವರೆ ತಾಸನ್ನು. ಮಳೆ ಸಣ್ಣಗೆ, ಸೂಜಿಯ ಹಾಗೆ ಮುಖಕ್ಕೆ ಚುಚ್ಚುತ್ತಿತ್ತು. ಬೂಟಿನೊಳಗೆ ನೀರು ಸೇರಿ ಪಚಕ್ ಪಚಕ್ ಅನ್ನುತ್ತಿತ್ತು. ಬೆರಳುಗಳು ತನ್ನವೇ ಹೌದೋ ಅಲ್ಲವೋ ಅನ್ನುವಷ್ಟು ಮರಗಟ್ಟಿದವು. ಆದರೆ ಉಸಿರು ಸರಿಯಾಗಿತ್ತು, ಕಾಲು ಕಾಲುವೆಯ ದಂಡೆಯ ಲಯ ಹಿಡಿದಿತ್ತು.

ದಾರಿಯುದ್ದಕ್ಕೂ ತಣ್ಣೀರಿನ ಬಾಟಲಿ ಹಿಡಿದು ನಿಂತ ಹುಡುಗರ ಕಡೆ ಯಾರೂ ತಿರುಗಿ ನೋಡಲಿಲ್ಲ. ಆ ಚಳಿಯಲ್ಲಿ ತಣ್ಣೀರು ಯಾರಿಗೆ ಬೇಕು? ಆದರೆ ಒಂದು ಹಳ್ಳಿಯವರು ಬಸ್‌ ಸ್ಟಾಪಿನ ಸೂರಿನಡಿ ಬಿಸಿ ಬಿಸಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ, ಚಹಾ ಇಟ್ಟುಕೊಂಡು, “ತಿಂದು ಹೋಗ್ರಿ, ಹಂಗ ಹೋದ್ರ ನಮ್ಮೂರ ಮರ್ಯಾದಿ ಏನಾಗಬೇಕು?” ಅಂತ ಓಟಗಾರರ ತೋಳು ಹಿಡಿದೇ ಜಗ್ಗುತ್ತಿದ್ದರು. ಮುಂದೆ ಗಾಳಿಯ ಹಾಗೆ ಹೋಗಿದ್ದ ಜಿಮ್ಮಿನ ತರುಣನೊಬ್ಬ ಮಿರ್ಚಿ ಮೇಲೆ ಮಿರ್ಚಿ ತಿಂದು, ಈಗ ಹೊಟ್ಟೆ ಹಿಡಿದುಕೊಂಡು ಕಲ್ಲಿನ ಮೇಲೆ ಕೂತಿದ್ದ. ಹೊನ್ನೂರಮ್ಮ ನಿಂತಲ್ಲೇ ಚಹಾ ಬಾಯಿಗೆ ಸುರಿದುಕೊಂಡು ಅವನನ್ನೂ ಹಿಂದೆ ಹಾಕಿದಳು. ಸೈಕಲ್ಲಿನ ಮೇಲೆ ಬಂದ ಸ್ವಯಂಸೇವಕಿ ಗಡಿಯಾರ ನೋಡಿ, “ಅಮ್ಮಾ, ಹಿಂಗೇ ಹೋದ್ರ ಟೈಮಿಗಿಂತ ಮೊದ್ಲೇ ಮುಟ್ತೀರಿ,” ಅಂದಾಗ ಅವಳ ಮೈಯೆಲ್ಲ ಬೆಚ್ಚಗಾಯಿತು. ಕೊಟ್ರಮ್ಮಾ, ಬಾರವ್ವ ಕೊಟ್ರಮ್ಮಾ, ಹಾಲು ಕುಡಿ ಬಾ ಅಂತ ಮೊಮ್ಮಗಳನ್ನು ಕರೆಯುವುದನ್ನು ಬಾಯಲ್ಲೇ ಅಭ್ಯಾಸ ಮಾಡುತ್ತ ಓಡಿದಳು.

ಗಾಳಿ ಎದ್ದದ್ದು ಆಮೇಲೆ.

ರಸ್ತೆಯ ಅಂಚಿನಲ್ಲಿ ಭತ್ತದ ರಾಶಿಯೊಂದು ಉದ್ದಕ್ಕೆ ಮಲಗಿತ್ತು. ಮೇಲೆ ಹೊದಿಸಿದ ತಾಡಪತ್ರಿಯ ಒಂದು ಮಗ್ಗುಲು ಕಲ್ಲು ಸಮೇತ ಕಿತ್ತು, ಪಟಪಟ ಬಡಿದುಕೊಳ್ಳುತ್ತಿತ್ತು. ಒಂದು ತುದಿಯ ಮೇಲೆ ಬಿಳಿಗಡ್ಡದ ಮುದುಕನೊಬ್ಬ ತಾನೇ ಕಲ್ಲಾಗಿ ಕೂತಿದ್ದ. ಇನ್ನೊಂದು ತುದಿಯನ್ನು ಹಿಡಿದಿದ್ದ ಅವನ ಹೆಂಡತಿಯನ್ನು ಗಾಳಿ ಎತ್ತೆತ್ತಿ ಒಗೆಯುತ್ತಿತ್ತು. “ಮೀರಾಬಿ, ಬಿಡಬ್ಯಾಡ!” ಅಂತ ಮುದುಕ ಕೂಗುತ್ತಿದ್ದ. “ನಾ ಬಿಟ್ಟಿಲ್ಲ, ಅದು ನನ್ನ ಹೊತ್ಕೊಂಡು ಹೊಂಟೈತಿ!” ಅಂತ ಮುದುಕಿ. ರಸ್ತೆಯ ಮೇಲಿನ ನೀರು ಸದ್ದಿಲ್ಲದೆ ರಾಶಿಯ ಬುಡಕ್ಕೆ ನುಗ್ಗುತ್ತಿತ್ತು.

ಹೊನ್ನೂರಮ್ಮ ಅವರನ್ನು ದಾಟಿ ಓಡಿದಳು. ಹೌದು, ದಾಟಿದಳು. ಮುಂದೆ ಹೆಸರಿತ್ತು. ನಾಲ್ಕು ತಿಂಗಳ ಓಟವಿತ್ತು. ಹಿಂದೆ ಇನ್ನೂ ಜನ ಬರುತ್ತಿದ್ದಾರೆ, ಯಾರಾದರೂ ಹಿಡಿಯುತ್ತಾರೆ ಅಂತ ಮನಸ್ಸು ಹೇಳಿತು. ಕಾಲು ಮಾತ್ರ ಭಾರವಾಗುತ್ತ ಬಂದು, ಮುಂದಿನ ಮೈಲಿಗಲ್ಲಿನ ಹತ್ತಿರ ನಿಂತೇಬಿಟ್ಟಿತು.

ನೆನೆಯುವ ನೆಲ್ಲು ಬಿಟ್ಟು ಓಡಿ, ಕೊಟ್ರಮ್ಮನ ಹೆಸರು ಗೆದ್ದು ತರುವುದೇ? ಆ ಹೆಸರನ್ನು ಯಾವ ಬಾಯಿಂದ ಕರೆಯಬೇಕು? ಕರೆದರೆ ಅತ್ತೆ ಮೇಲಿಂದ ಏನನ್ನಬೇಕು?

“ಥೂ ನಿನ್ನ,” ಅಂತ ತನಗೇ ಬೈದುಕೊಂಡು ಅವಳು ಹಿಂದಕ್ಕೆ ಓಡಿದಳು. ಅವತ್ತಿನ ಓಟದಲ್ಲಿ ಅಷ್ಟು ಜೋರಾಗಿ ಓಡಿದ್ದು ಅದೇ ಮೊದಲು. ಹಾರುತ್ತಿದ್ದ ತಾಡಪತ್ರಿಯ ಮಗ್ಗುಲನ್ನು ಹಿಡಿದು ಎಳೆದು, ಬೇರೆ ದಾರಿ ಕಾಣದೆ ಅದರ ಮೇಲೆ ಬೋರಲು ಬಿದ್ದು, ಕೈಕಾಲು ಚಾಚಿ ಅವುಚಿಕೊಂಡಳು. ಚೀಲದ ಕೊಪ್ಪೆ ಗಾಳಿಗೆ ಹಾರಿ ಹೊಲದ ಪಾಲಾಯಿತು. ಬಿದ್ದಲ್ಲಿಂದಲೇ ಹೊರಟ ಅವಳ ದನಿ ಸುತ್ತಲ ಗಾಳಿಯನ್ನೂ ಮೀರಿಸಿತು.

“ಏ ತಮ್ಮಾ, ಕೆಂಪಂಗಿ! ಇತ್ತ ಬಾ, ಈ ತುದಿ ಹಿಡಿ! ಏ ನೀನು, ಕಲ್ಲು ತಾ! ಏನ್ ನೋಡ್ತಿ, ನೆಲ್ಲು ಕಂಡಿಲ್ಲೇನು?”

ಕಾಲುವೆ ಸೀಮೆಯ ಹುಡುಗರು. ಒಂದು ಮಾತು ಸಾಕಾಯಿತು. ಕೆಂಪಂಗಿಯವನು ಬಂದ, ಅವನ ಹಿಂದೆ ರಾರಾವಿ ಊರಿನ ಇಬ್ಬರು ಬಂದರು, ಮಿರ್ಚಿಯ ತರುಣನೂ ಹೊಟ್ಟೆ ಹಿಡಿದುಕೊಂಡೇ ಬಂದ. ದುಬಾರಿ ವಾಚು ಕಟ್ಟಿದ್ದ ಒಬ್ಬಾತ ಮಾತ್ರ ನಿಂತಲ್ಲೇ ಕಾಲು ಕುಣಿಸುತ್ತ, “ಟೈಮ್ ಹೋಗ್ತೈತಲ್ರೀ,” ಅಂದ.

“ರಾತ್ರಿ ಗಡಿಯಾರ ಉಣ್ತಿಯೇನಪ್ಪ?” ಅಂದಳು ಹೊನ್ನೂರಮ್ಮ. ಅವನು ವಾಚು ಬಿಚ್ಚಿ ಜೇಬಿಗಿಟ್ಟು, ಪಕ್ಕದಲ್ಲಿ ಬಿದ್ದಿದ್ದ ಭತ್ತ ಎಳೆಯುವ ಹಲಗೆ ಹಿಡಿದ.

ಅಷ್ಟರಲ್ಲಿ ಓಟದವರ ಫೋಟೋ ತೆಗೆಯುವವನು ಬೈಕಿನ ಹಿಂದೆ ಕೂತು ಹಾದುಹೋದ. ಇನ್ನೂ ಬೋರಲು ಬಿದ್ದು ಕೂಗುತ್ತಿದ್ದ ಹೊನ್ನೂರಮ್ಮನ ಕಡೆ ತಿರುಗಿದ ಕ್ಯಾಮೆರಾ ಕ್ಲಿಕ್ ಅಂದಿತು, ಇದೊಂದು ಕಡಿಮೆಯಿತ್ತು ಅಂತ ಅವಳು ಮುಖ ತಿರುಗಿಸಿಕೊಂಡಳು. ನೀರು ಬೇರೆ ಕಡೆ ಹೋಗಲೆಂದು ಸಣ್ಣ ಕಾಲುವೆ ತೋಡಿ, ಬುಡದ ಭತ್ತವನ್ನು ಹಲಗೆಯಿಂದ ಮೇಲಕ್ಕೆ ಎಳೆದು, ತಾಡಪತ್ರಿಯ ನಾಲ್ಕೂ ಮಗ್ಗುಲಿಗೆ ಕಲ್ಲು ಹೇರುವ ಹೊತ್ತಿಗೆ ಅರ್ಧ ತಾಸಿಗಿಂತ ಹೆಚ್ಚೇ ಹೋಗಿತ್ತು.

ಮುದುಕ ದಾವಲಸಾಬ್ ಅವಳ ಎದೆಯ ಮೇಲಿನ ನಂಬರು ನೋಡಿ ಹಣೆ ಚಚ್ಚಿಕೊಂಡ. “ನಿನ್ನ ಓಟ ಕೆಡಿಸಿಬಿಟ್ವೆಲ್ಲ ತಾಯಿ.”

“ಓಟ ಮುಂದಿನ ವರ್ಷಾನೂ ಬರ್ತೈತಿ ಚಾಚಾ. ಮೊಳಕಿ ಒಡದ ನೆಲ್ಲು ತಿರುಗಿ ಬರ್ತೈತೇನು?” ಅಂದಳು ಅವಳು ನಗುತ್ತ. ಮೀರಾಬಿ ತನ್ನ ತಲೆಯ ಮೇಲಿನ ಶಾಲು ತೆಗೆದು ಅವಳ ಹೆಗಲಿಗೆ ಹೊದಿಸಿದಳು.

ನಗು ರಸ್ತೆಗೆ ಬರುವತನಕ ಇತ್ತು, ಅಷ್ಟೇ. ಒಬ್ಬಳೇ ಓಡತೊಡಗಿದಾಗ ದುಃಖ ಒತ್ತರಿಸಿ ಬಂತು. ತಣ್ಣಗಾದ ಮಂಡಿ ಹೆಜ್ಜೆ ಹೆಜ್ಜೆಗೂ ಚುಚ್ಚಿತು. ಕಣ್ಣೀರು ಯಾವುದು ಮಳೆನೀರು ಯಾವುದು ಅಂತ ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ. “ಅತ್ತೀ, ನಿನ್ನ ಹೆಸರು ಕಳಕೊಂಡುಬಿಟ್ನಲ್ಲಬೇ,” ಅಂತ ಗಟ್ಟಿಯಾಗಿಯೇ ಅತ್ತಳು. ಆದರೂ ನಿಲ್ಲಲಿಲ್ಲ. ಓಡಿದಳು, ನಡೆದಳು, ಮತ್ತೆ ಓಡಿದಳು.

ಬಳ್ಳಾರಿಯ ಕೋಟೆ ಗುಡ್ಡ ಮೋಡದೊಳಗೆ ಅರ್ಧ ಮುಳುಗಿತ್ತು. ಅವಳು ಮುಟ್ಟಿದಾಗ ಗಾಳಿ ತುಂಬಿದ ಕಮಾನನ್ನು ಆಗಲೇ ಇಳಿಸಿ ಮಡಚುತ್ತಿದ್ದರು. ಕುರ್ಚಿಗಳನ್ನು ಟ್ರ್ಯಾಕ್ಟರಿಗೆ ಏರಿಸುತ್ತಿದ್ದರು. ಮೂರೂವರೆ ತಾಸು ಯಾವಾಗಲೋ ಮುಗಿದಿತ್ತು. ಸುನಂದಾ ಮಾತ್ರ ಛತ್ರಿ, ಥರ್ಮಾಸು ಹಿಡಿದು ನಿಂತಿದ್ದಳು. ಓಡಿಬಂದು ಎರಡೂ ಕೈ ಹಿಡಿದುಕೊಂಡಳು.

“ಎಲ್ಲಿ ಬಿದ್ರೋ ಅಂತ ನನ್ನ ಜೀವ ಹೋಗಿತ್ರಿ ಅಕ್ಕಾರ! ಏನಾತು? ಕಾಲು ಉಳುಕಿತೇನು?”

“ಏನೂ ಇಲ್ರಿ, ತಡ ಆತು. ಹೆಸರು ನಿಮ್ದು.”

ಅಷ್ಟೇ ಹೇಳಿದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಸೋತ ಮೇಲೆ ನೆಪ ಹೇಳುವವಳ ಸಾಲಿಗೆ ತಾನು ಸೇರಬಾರದು ಅಂತ ಅವಳ ಛಲ. ಭತ್ತದ ಮಾತೆತ್ತಿದರೆ ಹೆಸರನ್ನು ಬೇಡಿದ ಹಾಗೂ ಆಗುತ್ತದೆ. ಸುನಂದಾ ಗೆದ್ದೆನೆಂದು ಕುಣಿಯಲೂ ಇಲ್ಲ, ಚಹಾ ಬಗ್ಗಿಸಿ ಲೋಟವನ್ನು ಅವಳ ಮರಗಟ್ಟಿದ ಬೆರಳುಗಳ ನಡುವೆ ಒತ್ತಿಹಿಡಿದಳು.

ಜನವರಿಯಲ್ಲಿ ಬಳ್ಳಾರಿಯ ಸುನಂದಾಳ ಮನೆಯಲ್ಲಿ ತೊಟ್ಟಿಲು. ಬಿಸಿಲು ತನ್ನ ಊರಿಗೆ ತಾನು ಮರಳಿ ಬಂದಿತ್ತು. ಮಗುವಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಹಕ್ಕು, ಅಂದರೆ ಹೊನ್ನೂರಮ್ಮನ ಮಗಳು ಅಕ್ಕನಾಗಮ್ಮನದು. ಅವಳು ತೊಟ್ಟಿಲಿಗೆ ಬಗ್ಗಿ ಕುರ್‍ರ್ ಅಂತ ಹೆಸರು ಉಸುರುವಾಗ, ಹಿಂದೆ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುವುದು ನಮ್ಮ ಕಡೆಯ ಪದ್ಧತಿ. ಮೆಲ್ಲಗೆ ಗುದ್ದಬೇಕು ಅಂತ ಶಾಸ್ತ್ರವಿದ್ದೀತು. ಹಾಗೆ ಗುದ್ದಿದವರನ್ನು ಮಾತ್ರ ನಾನು ಕಂಡಿಲ್ಲ.

ಹೊನ್ನೂರಮ್ಮ ಬೆಳಗ್ಗೆಯೇ ಮಗಳನ್ನು ಮೂಲೆಗೆ ಕರೆದಿದ್ದಳು. “ಇಶಾನ್ವಿ ಅಂತ್ಲೇ ಹೇಳಬೇಕು. ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು. ನಿನ್ನ ಬಾಯಾಗ ಬ್ಯಾರೆ ಹೆಸರು ಬಂದಿತೋ, ನೋಡು ಮತ್ತ.”

“ಆತು ಬಿಡಬೇ,” ಅಂದ ಮಗಳ ತುಟಿಯಂಚಿನಲ್ಲಿ ನಗುವಿದ್ದದ್ದು ಹೊನ್ನೂರಮ್ಮನಿಗೆ ಕಾಣಲಿಲ್ಲ. ಅವಳ ಕಣ್ಣು ಆಗಲೇ ಮಂಜಾಗಿತ್ತು.

ತೊಟ್ಟಿಲ ಸುತ್ತ ಹೆಂಗಸರು ಸೇರಿದರು. ಅಕ್ಕನಾಗಮ್ಮ ಬಗ್ಗಿದಳು. ಕುರ್‍ರ್ ಅಂದಳು. ಧಬಧಬ ಗುದ್ದು ಬಿದ್ದವು. ಅವಳು “ಅಯ್ಯಯ್ಯೋ!” ಅನ್ನುತ್ತ ಎದ್ದು, ಎಲ್ಲರಿಗೂ ಕೇಳುವ ಹಾಗೆ ಕೂಗಿದಳು:

“ಕೊಟ್ರಮ್ಮ!”

ಹೊನ್ನೂರಮ್ಮನಿಗೆ ನೆತ್ತಿಗೇರಿತು. “ಏನಂದಿ? ನನ್ನ ಮಾತು ಮಣ್ಣುಪಾಲು ಮಾಡಿದೆಲ್ಲೇ!” ಅಂತ ಮಗಳ ಬೆನ್ನಿಗೆ ಹಾಕಿದ ಗುದ್ದು ಶಾಸ್ತ್ರದ್ದಂತೂ ಆಗಿರಲಿಲ್ಲ. ಎರಡನೆಯದಕ್ಕೆ ಎತ್ತಿದ ಕೈಯನ್ನು ಸುನಂದಾ ಹಿಡಿದಳು.

“ಆಕೀನ್ಯಾಕ ಬಡೀತೀರಿ? ಹೇಳಿಕೊಟ್ಟಾಕಿ ನಾನು.”

ಸುನಂದಾ ಫೋನು ತೆಗೆದು ಹಿಡಿದಳು. ಫೋಟೋದಲ್ಲಿ ತಾಡಪತ್ರಿಯ ಮೇಲೆ ಬೋರಲು ಬಿದ್ದು, ಕೈಕಾಲು ನಾಲ್ಕು ದಿಕ್ಕಿಗೆ ಚಾಚಿ, ಬಾಯಿ ಅಗಲಿಸಿ ಕೂಗುತ್ತಿರುವ ಹೆಂಗಸು. ಸ್ವೆಟರು ಮಾರೇಶನದು.

“ಓಟದವರು ಎಲ್ಲಾರ ಫೋಟೋ ಹಾಕಿದ್ರು. ನಂಬರ್ ಕೊಟ್ರ ನಮ್ಮ ನಮ್ಮ ಫೋಟೋ ಬರ್ತಾವ. ನಿಮ್ಮನ್ನ ಕಾಡ್ಸೋಣ ಅಂತ ನಿಮ್ಮ ನಂಬರ್ ಹಾಕಿದ್ರ ಇದು ಬರಲಿಲ್ಲ, ನಂಬರು ಎದಿ ಕೆಳಗ ಮುಚ್ಚಿತ್ತಲ್ಲ, ಒಂದೊಂದ ಫೋಟೋ ನೋಡಿ ನೋಡಿ ಹುಡುಕಿದೆ. ಅಳಿಯಂದ್ರಿಗೆ ತೋರಿಸಿದ್ರ ಅವ್ರು ಏನಂದ್ರು ಗೊತ್ತೇನ್ರಿ? ಇದು ನಮ್ಮವ್ವ ಅಲ್ರೀ ಅತ್ತಿ, ನಮ್ಮಜ್ಜಿ, ಅಂದ್ರು. ಆಮ್ಯಾಲ ಅಜ್ಜಿ ಕತಿ ಎಲ್ಲಾ ಹೇಳಿದ್ರು.” ಸುನಂದಾಳ ದನಿ ಸಣ್ಣದಾಯಿತು. “ಅಕ್ಕಾರ, ನಾನೂ ಆ ರಾಶಿ ಮುಂದನೇ ಓಡಿ ಹೋದಾಕಿ. ಗಾಳಿ ಆಗಷ್ಟೇ ಎದ್ದಿತ್ತು, ಅಜ್ಜ ಒಬ್ನೇ ಕಲ್ಲು ಇಡಾಕತ್ತಿದ್ದ. ಹಿಂದ ಯಾರಾದ್ರೂ ಬರ್ತಾರ ಬಿಡು ಅಂದ್ಕೊಂಡೆ.”

“ಬಂದ್ನಲ್ರೀ ಹಿಂದ,” ಅಂದಳು ಹೊನ್ನೂರಮ್ಮ. “ಆದ್ರ ಪಂದ್ಯ ಪಂದ್ಯನೇ. ಸೋತಾಕಿ ನಾನು. ನನಗ ದಾನದ ಹೆಸರು ಬ್ಯಾಡ್ರಿ.”

“ದಾನ ಯಾರು ಕೊಡಾಕತ್ಯಾರ?” ಸುನಂದಾ ಸೊಂಟದ ಮೇಲೆ ಕೈಯಿಟ್ಟು ಥೇಟು ಕ್ಲಾಸಿನ ದನಿ ತೆಗೆದಳು. “ಗೆದ್ದಾಕಿ ನಾನು ಹೌದಲ್ಲೋ? ಹೆಸರಿಡೋ ಹಕ್ಕು ನಂದು ಹೌದಲ್ಲೋ? ನನ್ನ ಹಕ್ಕು, ನನ್ನಿಷ್ಟ. ನಾನು ನನ್ನ ಮೊಮ್ಮಗಳಿಗೆ ಕೊಟ್ರಮ್ಮ ಅಂತ ಇಡ್ತೀನಿ. ಸೋತಾಕಿ ನೀವು, ಬ್ಯಾಡ ಅನ್ನಾಕ ನೀವ್ಯಾರ್ರಿ?”

ಹೊನ್ನೂರಮ್ಮನ ಕೈ ಸುಮ್ಮನಿರಲಿಲ್ಲ. ಸುನಂದಾಳ ಬೆನ್ನಿಗೆ ಧಡ್ ಅಂತ ಒಂದು ಗುದ್ದಿ, ಗುದ್ದಿದ ಕೈಯಿಂದಲೇ ಅವಳನ್ನು ಎಳೆದು ಅಪ್ಪಿಕೊಂಡು, ಹೆಗಲ ಮೇಲೆ ಮುಖವಿಟ್ಟು ಹೋ ಅಂತ ಅತ್ತಳು. ಒಬ್ಬಳು ಗುದ್ದಿದ ಮೇಲೆ ಉಳಿದ ಹೆಂಗಸರು ಬಿಟ್ಟಾರೆಯೇ? ಇಬ್ಬರ ಬೆನ್ನಿಗೂ ಬಿದ್ದವು.

“ಎಲ್ಲಾರದೂ ಆತಲ್ಲ?” ಅಂತ ಗದ್ದಲದ ನಡುವೆ ರಶ್ಮಿ ಕೇಳಿದಳು. “ನನ್ನ ಮನಸಿನಾಗೂ ಒಂದು ಹೆಸರಿತ್ತು. ಯಾರರ ಕೇಳಿದ್ರೇನು?”

ಬೀಗತಿಯರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊನ್ನೂರಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, “ಎರಡನೇದಕ್ಕ ನೀನ ಓಡವ್ವ. ಬೂಟು ನಾ ಕೊಡಿಸ್ತೀನಿ,” ಅಂದಳು. ತೊಟ್ಟಿಲಿನಲ್ಲಿ ಕೊಟ್ರಮ್ಮ ಎರಡೂ ಕಾಲು ಝಾಡಿಸಿ ಹೊದಿಕೆಯನ್ನು ಆಚೆ ಒದ್ದಳು.